ದಸರೆಗೆ ಬಂದ 144 ಮಂದಿ: ದಿವಾನ್ ರಂಗಾಚಾರ್ಲು

ಈ ಫೆಬ್ರವರಿಯಲ್ಲಿ ನಾವು ನಾಲ್ಕು ಜನ ಗೆಳೆಯರು ನಮ್ಮೂರಿನ ಸಿಟಿ ಕೌನ್ಸಿಲ್ ಸಭೆಗೆ ಹೋಗಿದ್ದೆವು. ನಮ್ಮೂರು ಅಂದ್ರೆ ಇಲ್ಲಿಯ ಊರು, ಸ್ಯಾನ್ ಫ್ರಾನ್ಸಿಸ್ಕೋದಿಂದ ಬಾರ್ಟ್ ರೈಲಿನಲ್ಲಿ ಮುಕ್ಕಾಲು ಗಂಟೆ ದೂರ. ಬಸ್ ಸ್ಟಾಪಿನಿಂದ ನಮ್ಮ ಅಪಾರ್ಟ್‌ಮೆಂಟಿಗೆ ಬರುವ ದಾರಿಯಲ್ಲಿ ಒಂದು ಜೀಬ್ರಾ ಕ್ರಾಸಿಂಗ್ ಇದೆ. ಬಣ್ಣ ಅಳಿಸಿ ಹೋಗಿದೆ, ದೀಪ ಇಲ್ಲ. ಲ್ಯಾಬ್ ಮುಗಿಸಿ ರಾತ್ರಿ ಬರುತ್ತಿದ್ದ ಗೆಳತಿಯೊಬ್ಬಳು ಅಲ್ಲಿ ಕಾರಿಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ಊರಿನ ಆ್ಯಪಿನಲ್ಲಿ ಎರಡು ಸಲ ದೂರು ಕೊಟ್ಟೆವು. ಎರಡು ಸಲವೂ ದೂರು ಮುಕ್ತಾಯವಾಗಿದೆ ಅಂತ ಮೆಸೇಜ್ ಬಂತು. ರಸ್ತೆಗೆ ಬಣ್ಣ ಮಾತ್ರ ಬರಲಿಲ್ಲ.

ಸಭೆಗೆ ಹೋಗುವಾಗ ನಮಗಿದ್ದದ್ದು ಒಂದೇ ಅಂಜಿಕೆ. ನಾವು ಎಫ್-1 ವೀಸಾದವರು, ಇಲ್ಲಿ ಓಟಿಲ್ಲ, ಎರಡು ವರ್ಷಕ್ಕೆ ಬಂದವರು. ನಮ್ಮ ಮಾತು ಯಾಕೆ ಕೇಳ್ತಾರೆ? ಆದರೆ ಅಲ್ಲಿ ಯಾರೂ ನೀವು ಯಾರು, ಓಟು ಇದೆಯಾ ಅಂತ ಕೇಳಲೇ ಇಲ್ಲ. ಒಂದು ಚೀಟಿ ಕೊಟ್ಟೆವು, ಎರಡು ನಿಮಿಷ ಸಿಕ್ಕಿತು. ಹೇಳಬೇಕಾದ್ದರಲ್ಲಿ ಅರ್ಧ ಹೇಳುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಮೇಯರ್ ಧನ್ಯವಾದ ಹೇಳಿ ಮುಂದಿನವರನ್ನು ಕರೆದರು. ಅಷ್ಟೇ. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ.

ವಾಪಸ್ ನಡೆದು ಬರುವಾಗ ಎಲ್ಲರಿಗೂ ಬೇಜಾರಾಗಿತ್ತು. ನಮ್ಮೊಳಗಿನ ಮೈಸೂರಿನವನು ಆಗ ದಿವಾನ್ ರಂಗಾಚಾರ್ಲು ಅವರ ಹೆಸರು ತೆಗೆದ. ಓಟಿಲ್ಲದ ಜನ ಸರ್ಕಾರದ ಎದುರು ನಿಂತು ಪ್ರಶ್ನೆ ಕೇಳುವುದು ನಮ್ಮ ಕಡೆ 1881ರಲ್ಲೇ ಶುರುವಾಗಿತ್ತು ಎಂದು ನೆನಪಿಸಿದ. ಆ ರಾತ್ರಿಯಿಂದ ಓದತೊಡಗಿದ್ದನ್ನು ಈ ವರ್ಷದ ಇ-ಪುಸ್ತಿಕೆಗಾಗಿ ಬರೆಯುತ್ತಿದ್ದೇವೆ.

ಮೈಸೂರಿನ ದೊಡ್ಡ ಗಡಿಯಾರದ ಹತ್ತಿರ ಟೌನ್ ಹಾಲ್ ಇದೆ, ನಮ್ಮಲ್ಲಿ ಎಷ್ಟೋ ಜನ ಅದರ ಮುಂದೆ ಬಸ್ಸಿಗೆ ಕಾದವರೇ. ಅದರ ನಿಜವಾದ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಡಿ.ವಿ.ಜಿ. ಅವರು ಇವರ ಜೀವನಚರಿತ್ರೆಯನ್ನೇ ಬರೆದಿದ್ದಾರೆ. ಆದರೂ ವಿಶ್ವೇಶ್ವರಯ್ಯನವರ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮಗೆ ರಂಗಾಚಾರ್ಲು ಅಂದರೆ ಬರೀ ಕಟ್ಟಡದ ಮೇಲಿನ ಹೆಸರಾಗಿತ್ತು.

ರಂಗಾಚಾರ್ಲು ಹುಟ್ಟಿದ್ದು 1831ರಲ್ಲಿ, ಮದರಾಸಿನ ಪಕ್ಕದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಮನೆಮಾತು ತಮಿಳು. ಮೈಸೂರಿಗೂ ಆ ಮನೆಗೂ ಆಗ ಯಾವ ಸಂಬಂಧವೂ ಇರಲಿಲ್ಲ. ಆದರೆ ಅದೇ 1831 ಮೈಸೂರಿಗೆ ಬಹಳ ಕೆಟ್ಟ ವರ್ಷ. ಕಂದಾಯ ವಸೂಲಿಯ ಹೆಸರಿನಲ್ಲಿ ಅಮಲ್ದಾರರು ರೈತರನ್ನು ಹಿಂಡುತ್ತಿದ್ದರು. ಇಷ್ಟು ಹಣ ಕಟ್ಟಿಯೇ ತೀರುತ್ತೇವೆ ಎಂದು ಸರ್ಕಾರಕ್ಕೆ ಬರೆದುಕೊಟ್ಟು ಬಂದ ಅಧಿಕಾರಿ ಊರಿನ ಕಷ್ಟ ಯಾಕೆ ಕೇಳ್ತಾನೆ? ಹೇಳಿಕೊಳ್ಳಲು ಜಾಗ ಇಲ್ಲದ ನಗರ ಸೀಮೆಯ ರೈತರು ಊರೂರಲ್ಲಿ ಗುಂಪು ಸೇರತೊಡಗಿದರು. ಆ ಸಭೆಗಳಿಗೆ ಕೂಟ ಎನ್ನುತ್ತಿದ್ದರು. ಕೂಟಗಳು ಬೆಳೆದು ದಂಗೆಯಾದವು. ದಂಗೆಯನ್ನು ಅಡಗಿಸಿದ ಇಂಗ್ಲಿಷರು ದುರಾಡಳಿತದ ಕಾರಣ ಕೊಟ್ಟು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡರು. ಮುಂದಿನ 50 ವರ್ಷ ಮೈಸೂರನ್ನು ಆಳಿದ್ದು ಇಂಗ್ಲಿಷ್ ಕಮಿಷನರುಗಳು.

ರಾಜ್ಯ ಅಧಿಕಾರ ಕಳೆದುಕೊಂಡ ವರ್ಷ ಹುಟ್ಟಿದ ಮಗುವೇ 50 ವರ್ಷದ ಮೇಲೆ, ಆ ಅಧಿಕಾರ ವಾಪಸ್ ಬಂದ ದಿನ ಮೈಸೂರಿನ ದಿವಾನರಾಯಿತು. ಇದು ಬರೀ ಕಾಕತಾಳೀಯ, ಗೊತ್ತು. ಆದರೆ 1831ರ ಕೂಟಗಳನ್ನು ಮರೆತರೆ 1881ರ ಸಭೆ ಅರ್ಥವಾಗುವುದಿಲ್ಲ.

ರಂಗಾಚಾರ್ಲು ಅವರದು ದೊಡ್ಡ ಮನೆತನವೇನಲ್ಲ. ತಂದೆ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರು. ಮಗ ಮದರಾಸಿನಲ್ಲಿ ಇಂಗ್ಲಿಷ್ ಓದು ಮುಗಿಸಿ ತಾನೂ ಗುಮಾಸ್ತನಾಗಿಯೇ ಸರ್ಕಾರಿ ಕೆಲಸಕ್ಕೆ ಸೇರಿದರು. ಆಮೇಲೆ ಇನಾಂ ಕಮಿಷನ್ನಿನಲ್ಲಿ ಕೆಲಸ. ಯಾರ ಜಮೀನು, ಯಾವ ದಾನಪತ್ರ, ಯಾವುದು ಸಾಚಾ, ಯಾವುದು ಖೋಟಾ ಎಂದು ಹಳೇ ಕಾಗದಗಳನ್ನು ಒಂದೊಂದಾಗಿ ನೋಡುವ ಕೆಲಸ ಅದು. ಮುಂದೆ ಕಲ್ಲಿಕೋಟೆಯ ಖಜಾನೆಯಲ್ಲಿ ಡೆಪ್ಯುಟಿ ಕಲೆಕ್ಟರ್ ಆದರು. ಹೀಗೆ ಸುಮಾರು 20 ವರ್ಷ ಬರೀ ಲೆಕ್ಕ, ದಾಖಲೆ, ಕಂದಾಯದ ನಡುವೆ ಕಳೆಯಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೊದಲು ಡೇಟಾ ಸರಿ ಮಾಡಿಕೊಂಡ ಮನುಷ್ಯ.

1868ರಲ್ಲಿ ಮುಮ್ಮಡಿಯವರು ತೀರಿಕೊಂಡರು. ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಆಗ ಐದೇ ವರ್ಷ. ಅರಮನೆಯ ತುಂಬ ಸಾಲ, ಗೊಂದಲದ ಲೆಕ್ಕ, ಅಗತ್ಯಕ್ಕಿಂತ ಹೆಚ್ಚು ನೌಕರರು. ಇದನ್ನೆಲ್ಲ ಸರಿಪಡಿಸಲು ಮದರಾಸಿನ ಕಡೆಯಿಂದ ರಂಗಾಚಾರ್ಲು ಅವರನ್ನು ಕರೆಸಿ ಅರಮನೆಯ ಕಂಟ್ರೋಲರ್ ಮಾಡಿದರು. ಯಾವ ಊರಿನಲ್ಲಾದರೂ ಹೊರಗಿನಿಂದ ಬಂದವನಿಗೆ ಇಂಥ ಕೆಲಸ ಕೊಟ್ಟರೆ ಅವನಿಗೆ ಗೆಳೆಯರು ಹುಟ್ಟುವುದಿಲ್ಲ. ಆದರೂ ಅವರು ಸಾಲ, ಒಡವೆ, ಸಂಬಳ ಎಲ್ಲಕ್ಕೂ ಪಟ್ಟಿ ಮಾಡಿಸಿ, ಬೇಡದ ಖರ್ಚು ಕಡಿದು ಅರಮನೆಯನ್ನು ಒಂದು ಹದಕ್ಕೆ ತಂದರು.

ಅವರ ಬದುಕಿನಲ್ಲಿ ನಮಗೆ ತುಂಬ ಹಿಡಿಸಿದ ಸಂಗತಿ ನಡೆದದ್ದು 1874ರಲ್ಲಿ. ಮೈಸೂರಿನಲ್ಲಿ ಇಂಗ್ಲಿಷರ ಆಡಳಿತ ಹೇಗಿದೆ ಎಂಬುದರ ಬಗ್ಗೆ ಅವರು ಒಂದು ಪುಸ್ತಿಕೆ ಬರೆದರು. ಅದು ಲಂಡನ್ನಿನಲ್ಲಿ ಅಚ್ಚಾಯಿತು. ದೊಡ್ಡ ಸಂಬಳದ ಯುರೋಪಿಯನ್ ಅಧಿಕಾರಿಗಳನ್ನು ತುಂಬಿಕೊಂಡ ಆಡಳಿತ ಮೈಸೂರಿಗೆ ಎಷ್ಟು ದುಬಾರಿ ಎಂಬುದು ಅದರ ತಿರುಳು. ತಮ್ಮ ಹೆಸರು ಹಾಕದೆ, ಬರೆದವನು ಮೈಸೂರಿನವನೊಬ್ಬ ಎಂದಷ್ಟೇ ಹಾಕಿದರು. ಹುಟ್ಟಿದ್ದು ಚೆಂಗಲ್ಪಟ್ಟಿನಲ್ಲಿ, ಮೈಸೂರಿಗೆ ಬಂದು ಬರೀ ಆರು ವರ್ಷ. ಕೆಲಸ ಮಾಡುವ ಊರನ್ನು ತನ್ನ ಊರು ಅನ್ನಲು ಆ ಆರು ವರ್ಷ ಅವರಿಗೆ ಸಾಕಾಯಿತು. ಎರಡು ವರ್ಷಕ್ಕೆ ಬಂದವರು ನಾವು ಎಂದು ಕ್ರಾಸಿಂಗಿನ ಬಗ್ಗೆ ಮಾತಾಡಲು ಹಿಂಜರಿದ ನಮಗೆ ಇದನ್ನು ಓದಿ ಸ್ವಲ್ಪ ನಾಚಿಕೆಯೇ ಆಯಿತು.

ಅಷ್ಟರಲ್ಲಿ ಬಂತು ಬರ. 1876ರಿಂದ 1878ರವರೆಗಿನ ಆ ಬರವನ್ನು ನಮ್ಮ ಕಡೆ ಧಾತು-ಈಶ್ವರ ಸಂವತ್ಸರಗಳ ಬರ ಅಂತ ಹಿರಿಯರು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು 50 ಲಕ್ಷ. 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಾಗಬೇಕಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆಯಾಗಿತ್ತು. ಬರ ಪರಿಹಾರಕ್ಕೆ ಮಾಡಿದ ಖರ್ಚಿನಿಂದ ರಾಜ್ಯದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಕೂತಿತ್ತು.

1881ರ ಮಾರ್ಚ್ 25ರಂದು ಇಂಗ್ಲಿಷರು 18 ವರ್ಷದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ವಾಪಸ್ ಕೊಟ್ಟರು. ರಂಗಾಚಾರ್ಲು ದಿವಾನರಾದರು. ಕೈಗೆ ಬಂದದ್ದು ಸಾಲದ ಖಜಾನೆ, ಬರದಿಂದ ಚೇತರಿಸದ ಹಳ್ಳಿಗಳು, ಇಂಗ್ಲಿಷ್ ಸರ್ಕಾರಕ್ಕೆ ವರ್ಷವರ್ಷ ಕಟ್ಟಬೇಕಾದ ಭಾರೀ ಪೊಗದಿ. ಇಂಥ ಹೊತ್ತಿನಲ್ಲಿ ಯಾವ ಸರ್ಕಾರವೂ ಲೆಕ್ಕದ ಪುಸ್ತಕವನ್ನು ಬೀಗ ಹಾಕಿ ಇಡುತ್ತದೆ. ರಂಗಾಚಾರ್ಲು ಅದನ್ನು ಜನರ ಮುಂದೆ ಬಿಚ್ಚಿದರು.

ಆಗಸ್ಟ್ 25ರಂದು ಮಹಾರಾಜರ ಹೆಸರಿನಲ್ಲಿ ಒಂದು ಆಜ್ಞೆ ಹೊರಟಿತು. ಪ್ರತಿ ವರ್ಷ ದಸರಾ ಆದ ಮೇಲೆ ಮೈಸೂರಿನಲ್ಲಿ ಜನರ ಪ್ರತಿನಿಧಿಗಳ ಸಭೆ ಸೇರಬೇಕು. ಹೋದ ವರ್ಷ ಸರ್ಕಾರ ಏನು ಮಾಡಿತು, ಬರುವ ವರ್ಷ ಏನು ಮಾಡಲಿದೆ ಎಂಬುದನ್ನು ಅವರ ಮುಂದೆ ಇಡಬೇಕು. ಸರ್ಕಾರದ ಹಿತ ಮತ್ತು ಜನರ ಹಿತ ಒಂದೇ ಎಂಬುದು ಜನಕ್ಕೆ ಕಾಣಬೇಕು. ಜಿಲ್ಲೆಗಳ ಲೋಕಲ್ ಫಂಡ್ ಬೋರ್ಡುಗಳು ಜಮೀನುದಾರರನ್ನೂ ವರ್ತಕರನ್ನೂ ಆರಿಸಿ ಕಳಿಸಬೇಕು.

1881ರ ಅಕ್ಟೋಬರ್ 7ರಂದು ಮೊದಲ ಪ್ರಜಾಪ್ರತಿನಿಧಿ ಸಭೆ ಸೇರಿತು. ಬಂದವರು 144 ಮಂದಿ. ಬೆಂಗಳೂರು ಮೈಸೂರು ನಡುವೆ ಆಗಿನ್ನೂ ರೈಲು ಓಡುತ್ತಿರಲಿಲ್ಲ. ಕೋಲಾರ, ಚಿತ್ರದುರ್ಗ, ಶಿವಮೊಗ್ಗದ ಕಡೆಯಿಂದ ಮೈಸೂರಿಗೆ ಬರುವುದು ಎಷ್ಟು ದಿನದ ಪ್ರಯಾಣವಾಗಿತ್ತು ಅಂತ ಯೋಚಿಸಿ ನೋಡಿ. ಅವರ ಎದುರು ದಿವಾನರು ನಿಂತು ರಾಜ್ಯದ ಆದಾಯ, ಖರ್ಚು, ಸಾಲ ಎಲ್ಲವನ್ನೂ ಹೇಳಿದರು. ಪ್ರತಿನಿಧಿಗಳು ತಮ್ಮ ಕಡೆಯ ತೊಂದರೆಗಳನ್ನು ಮುಂದಿಟ್ಟರು. ಕಾಂಗ್ರೆಸ್ ಹುಟ್ಟಿದ್ದು ಇದಾದ ನಾಲ್ಕು ವರ್ಷಕ್ಕೆ, 1885ರಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ ಸ್ಥಳೀಯ ಸ್ವಯಮಾಡಳಿತದ ಬಗ್ಗೆ ಲಾರ್ಡ್ ರಿಪ್ಪನ್ ನಿರ್ಣಯ ಹೊರಡಿಸಿದ್ದು 1882ರಲ್ಲಿ. ಭಾರತದ ಯಾವ ಸಂಸ್ಥಾನದಲ್ಲೂ ಅಷ್ಟು ಹೊತ್ತಿಗೆ ಇಂಥ ಸಭೆ ಇರಲಿಲ್ಲ.

ಹಾಗಂತ ಇದನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಆ 144 ಮಂದಿಯನ್ನು ಜನ ಓಟು ಹಾಕಿ ಕಳಿಸಿದ್ದಲ್ಲ. ಅವರಲ್ಲಿ ಕೂಲಿಯವರಿಲ್ಲ, ಗೇಣಿದಾರರ ಪರವಾಗಿ ಗೇಣಿದಾರ ಇಲ್ಲ, ಹೆಂಗಸರು ಇಲ್ಲವೇ ಇಲ್ಲ. ಬರದಲ್ಲಿ ಹೆಚ್ಚು ಸತ್ತ ಬಡವರ ಪರವಾಗಿ ಅವರ ನಡುವಿನಿಂದಲೇ ಒಬ್ಬ ಬರಲಿಲ್ಲ. ಬಂದವರಿಗೂ ಕಾನೂನು ಮಾಡುವ, ಬಜೆಟ್ ತಡೆಯುವ ಅಧಿಕಾರ ಇರಲಿಲ್ಲ. ಕೇಳಬಹುದು, ಹೇಳಬಹುದು, ಅಷ್ಟೇ. ಒಂದು ರೀತಿಯಲ್ಲಿ ನಮ್ಮ ಎರಡು ನಿಮಿಷದ ಹಾಗೇ.

ಹಾಗಾದರೆ ಇದರಲ್ಲಿ ವಿಶೇಷ ಏನು? ಇದನ್ನೇ ನಾವು ಹಲವು ರಾತ್ರಿ ಚರ್ಚೆ ಮಾಡಿದೆವು. ನಮಗೆ ಹೊಳೆದದ್ದು ಇಷ್ಟು. ರಂಗಾಚಾರ್ಲು ಆ ಸಭೆಯನ್ನು ತಮ್ಮ ಹೆಸರಿಗೆ ಕಟ್ಟಲಿಲ್ಲ, ದಸರೆಗೆ ಕಟ್ಟಿದರು. ಜನರನ್ನು ಕರೆದು ಮಾತಾಡಿಸುವುದು ಒಳ್ಳೆಯ ರಾಜನೊಬ್ಬನ, ಒಳ್ಳೆಯ ದಿವಾನನೊಬ್ಬನ ಮರ್ಜಿ ಆದರೆ ಅವನು ಹೋದ ದಿನವೇ ಅದೂ ಹೋಗುತ್ತದೆ. ದಸರಾ ಹಾಗಲ್ಲ. ಅದು ಪ್ರತಿ ವರ್ಷ ಬಂದೇ ಬರುತ್ತದೆ. ಈ ವರ್ಷ ಕೆರೆ ಒಡೆದಿದೆ ಅಂತ ಹೇಳಿಹೋದ ಪ್ರತಿನಿಧಿ ಮುಂದಿನ ದಸರೆಗೆ ಮತ್ತೆ ಬರುತ್ತಾನೆ. ಕೆರೆ ಏನಾಯಿತು ಅಂತ ಕೇಳುತ್ತಾನೆ. ಅಷ್ಟರೊಳಗೆ ದಿವಾನರು ಏನಾದರೂ ಮಾಡಿರಬೇಕು, ಇಲ್ಲದಿದ್ದರೆ ಯಾಕೆ ಆಗಲಿಲ್ಲ ಅಂತಾದರೂ ಹೇಳಬೇಕು. ಇಂಜಿನಿಯರಿಂಗ್ ಓದಿದವರಿಗೆ ಇದು ಹೊಸದಲ್ಲ. ಫೀಡ್‌ಬ್ಯಾಕ್ ವಾಪಸ್ ಬಾರದ ಯಾವ ವ್ಯವಸ್ಥೆಯೂ ನೆಟ್ಟಗೆ ನಡೆಯಲ್ಲ.

ದಿವಾನಗಿರಿಯ ಉಳಿದ ಕೆಲಸಗಳೂ ಇದೇ ವೇಗದಲ್ಲಿ ನಡೆದವು. 1882ರ ಫೆಬ್ರವರಿಯಲ್ಲಿ ಬೆಂಗಳೂರು ಮೈಸೂರು ರೈಲು ಶುರುವಾಯಿತು. ಬರ ಬಂದಾಗ ಧಾನ್ಯ ಇರುವ ಕಡೆಯಿಂದ ಇಲ್ಲದ ಕಡೆಗೆ ಬೇಗ ಹೋಗಬೇಕಾದರೆ ರೈಲು ಬೇಕು ಎಂಬುದು ಆ ಮೂರು ವರ್ಷ ಕಲಿಸಿದ ಪಾಠ. ಖರ್ಚು ಉಳಿಸಲು ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಯ ಸ್ಥಾನ ಕಳೆದುಕೊಂಡವು. ಆದರೆ ಈ ಹೆಜ್ಜೆ ನಿಲ್ಲಲಿಲ್ಲ. 1886ರಲ್ಲಿ ಎರಡೂ ಮತ್ತೆ ಜಿಲ್ಲೆಗಳಾದವು. ಲೆಕ್ಕದ ಪುಸ್ತಕದಲ್ಲಿ ಸರಿ ಕಂಡದ್ದೆಲ್ಲ ಊರಿಗೆ ಸರಿ ಬರುವುದಿಲ್ಲ ಎಂಬುದಕ್ಕೆ ರಂಗಾಚಾರ್ಲು ಅವರೂ ಹೊರತಲ್ಲ. ಜಿಲ್ಲಾ ಕಚೇರಿ ದೂರವಾದವನ ಕಷ್ಟ ಕಾಣುವುದು ಆ ದಾರಿ ನಡೆದವನಿಗೇ ತಾನೆ?

1882ರ ದಸರೆಗೆ ಎರಡನೆಯ ಸಭೆ ಸೇರಿತು. ಈ ಸಲ ಬೆಂಗಳೂರಿನ ಕಡೆಯವರು ರೈಲಿನಲ್ಲೇ ಬರಬಹುದಿತ್ತು. ಅದೇ ರಂಗಾಚಾರ್ಲು ಕಂಡ ಕೊನೆಯ ಸಭೆ. ಮೂರು ತಿಂಗಳ ಮೇಲೆ, 1883ರ ಜನವರಿ 20ರಂದು, ಅವರು ಮದರಾಸಿನಲ್ಲಿ ತೀರಿಕೊಂಡರು. ವಯಸ್ಸು 52ರ ಆಸುಪಾಸು. ದಿವಾನರಾಗಿದ್ದದ್ದು 22 ತಿಂಗಳು ಮಾತ್ರ. ನಮ್ಮ ಮಾಸ್ಟರ್ಸ್ ಕೋರ್ಸಿಗೂ ಅದಕ್ಕೂ ಒಂದೆರಡು ತಿಂಗಳಷ್ಟೇ ವ್ಯತ್ಯಾಸ.

ಅವರು ಹೋದ ವರ್ಷವೂ ದಸರಾ ಬಂತು. ಮುಂದಿನ ದಿವಾನರಾದ ಶೇಷಾದ್ರಿ ಅಯ್ಯರ್ 18 ವರ್ಷ ಆ ಸಭೆಯನ್ನು ನಡೆಸಿದರು. 1890ರ ದಶಕದಲ್ಲಿ ಪ್ರತಿನಿಧಿಗಳನ್ನು ಚುನಾವಣೆಯಿಂದ ಆರಿಸುವ ಕ್ರಮ ಬಂತು. ಓಟು ಇದ್ದದ್ದು ಕಂದಾಯ ಕಟ್ಟುವವರಿಗೆ, ಓದಿದವರಿಗೆ ಮಾತ್ರ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಬಜೆಟ್ ಚರ್ಚೆಯ ಅವಕಾಶ ಸಿಕ್ಕಿತು, ವರ್ಷಕ್ಕೆ ಎರಡು ಅಧಿವೇಶನ ಆಯಿತು. 1923ರಲ್ಲಿ ಸಭೆಗೆ ಕಾನೂನಿನ ಆಧಾರ ದೊರೆಯಿತು, ಹೆಂಗಸರಿಗೆ ಓಟಿನ ಬಾಗಿಲು ತೆರೆಯಿತು. ಹೊಸ ಸಂವಿಧಾನದ ಹೊಸ್ತಿಲಲ್ಲಿ, 1949ರಲ್ಲಿ, ಸಭೆ ಮುಗಿಯಿತು. 22 ತಿಂಗಳ ದಿವಾನರು ಶುರು ಮಾಡಿದ್ದು 68 ವರ್ಷ ನಡೆಯಿತು. ಮೊದಲ ದಿನ ಹೊರಗುಳಿದವರು ಒಬ್ಬೊಬ್ಬರಾಗಿ ಒಳಗೆ ಬರಲು ಅಷ್ಟು ಕಾಲ ಬೇಕಾಯಿತು ಅಂತಲೂ ಹೇಳಬಹುದು.

ಈಗ ನಮ್ಮ ಕ್ರಾಸಿಂಗಿಗೆ ಬರೋಣ. ಇಷ್ಟು ಓದಿದ ಮೇಲೆ ಇಲ್ಲಿನ ನಿಯಮಗಳನ್ನೂ ಓದಿದೆವು. ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯ್ದೆ ಅಂತ ಒಂದಿದೆ. ಊರಿನ ಕೌನ್ಸಿಲ್ ಇರಲಿ, ಶಾಲಾ ಮಂಡಳಿ ಇರಲಿ, ಸಭೆ ಎಲ್ಲರಿಗೂ ತೆರೆದಿರಬೇಕು. ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು. ಯಾರು ಬೇಕಾದರೂ ಮಾತಾಡಬಹುದು, ಸಭೆಗೆ ಬಂದವರು ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಜೊತೆಗೆ ಇನ್ನೊಂದು ನಿಯಮ ಇದೆ. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಕೌನ್ಸಿಲ್ ಅಲ್ಲೇ ತೀರ್ಮಾನ ಮಾಡುವಂತಿಲ್ಲ. ಯಾರಿಗೂ ತಿಳಿಸದೆ ನಿರ್ಧಾರ ಆಗಬಾರದು ಅಂತ ಹಾಗೆ. ಅಂದರೆ ಅವತ್ತು ಮೇಯರ್ ಸುಮ್ಮನಿದ್ದದ್ದು ಅಸಡ್ಡೆಯಿಂದ ಅಂತ ನಾವು ಅಂದುಕೊಂಡದ್ದು ತಪ್ಪಿರಬಹುದು. ನಾವು ಒಂದು ಸಲ ಹೋಗಿ, ಉತ್ತರ ಸಿಗಲಿಲ್ಲ ಅಂತ ಮನೆಗೆ ಬಂದೆವು. ಎರಡನೆಯ ದಸರೆಗೆ ಹೋಗಲೇ ಇಲ್ಲ.

ನಮ್ಮ ಈ ಬೇ ಏರಿಯಾದಲ್ಲೇ ವಲ್ಲೇಹೋ ಎಂಬ ಊರಿದೆ, ಸ್ಯಾನ್ ಫ್ರಾನ್ಸಿಸ್ಕೋದಿಂದ ಫೆರಿಯಲ್ಲಿ ಹೋಗಬಹುದು. 2008ರಲ್ಲಿ ಅದು ದಿವಾಳಿ ಎದ್ದಿತು. 2012ರಲ್ಲಿ ಅದೇ ಊರು ಹೊಸ ಮಾರಾಟ ತೆರಿಗೆಯ ಹಣದಲ್ಲಿ ಒಂದು ಭಾಗವನ್ನು ಎಲ್ಲಿ ಖರ್ಚು ಮಾಡಬೇಕು ಅಂತ ನಿವಾಸಿಗಳನ್ನೇ ಕೇಳಿತು. ಇಡೀ ಊರಿಗೆ ಅನ್ವಯಿಸುವಂತೆ ಹೀಗೆ ಮಾಡಿದ್ದು ಅಮೆರಿಕದಲ್ಲಿ ಅದೇ ಮೊದಲು. ಸಾಲದ ಮೈಸೂರು, ದಿವಾಳಿಯಾದ ವಲ್ಲೇಹೋ. ಖಜಾನೆ ಖಾಲಿಯಾದಾಗಲೇ ಎರಡೂ ಕಡೆ ಜನರನ್ನು ಕರೆದರು. ನಂಬಿಕೆ ಹೋದ ಮೇಲೆ ತೆರಿಗೆ ಕೇಳುವುದಕ್ಕೂ ಮುಖ ಬೇಕಲ್ಲ.

ನಾವು ಆಮೇಲೆ ಎರಡು ಸಲ ಹೋದೆವು. ಒಂದು ಸಂಜೆ ಎರಡು ಗಂಟೆ ಕ್ರಾಸಿಂಗಿನ ಹತ್ತಿರ ನಿಂತು ಎಷ್ಟು ಜನ ದಾಟುತ್ತಾರೆ, ಎಷ್ಟು ಕಾರು ನಿಲ್ಲದೆ ಹೋಗುತ್ತವೆ ಅಂತ ಎಣಿಸಿದೆವು. ಅದನ್ನು ಸಿಟಿ ಕ್ಲರ್ಕಿಗೆ ಇಮೇಲ್ ಮಾಡಿ, ಸಭೆಯಲ್ಲಿ ಅದೇ ಅಂಕಿಗಳನ್ನು ಓದಿದೆವು. ಪಕ್ಕದ ಮನೆಯ ಅಜ್ಜಿಯೊಬ್ಬರೂ ನಮ್ಮ ಜೊತೆ ಬಂದರು. ಅವರು ನಮಗಿಂತ ಎಷ್ಟೋ ವರ್ಷ ಮೊದಲಿಂದ ಅಲ್ಲಿ ದಾಟುತ್ತಿರುವವರು. ಮೂರನೆಯ ಸಲಕ್ಕೆ ಸಾರಿಗೆ ವಿಭಾಗದಿಂದ ಒಂದು ಕಾಗದ ಬಂತು. ಜಾಗ ಪರಿಶೀಲಿಸಿ ಮುಂದಿನ ವರ್ಷದ ಕೆಲಸಗಳ ಪಟ್ಟಿಗೆ ಸೇರಿಸುವ ಬಗ್ಗೆ ನೋಡುತ್ತಾರಂತೆ. ಬಣ್ಣ ಇನ್ನೂ ಬಂದಿಲ್ಲ.

ತೊಂದರೆ ಏನಂದ್ರೆ, ಮುಂದಿನ ವರ್ಷ ನಾವು ಇಲ್ಲಿರಲ್ಲ. ನಾಲ್ಕು ಜನರಲ್ಲಿ ಮೂವರ ಓದು ಈ ಮೇ ತಿಂಗಳಿಗೆ ಮುಗಿಯುತ್ತದೆ. ವಿದ್ಯಾರ್ಥಿಗಳು ಶುರು ಮಾಡಿದ ಎಷ್ಟೋ ಕೆಲಸ ಹೀಗೇ ನಿಂತುಹೋಗುತ್ತದೆ. ಕೇಳುವವರು ಬದಲಾದರೆ ಉತ್ತರ ಕೊಡಬೇಕಾದವರಿಗೂ ಮರೆವು.

ಅದಕ್ಕೇ ನಾವು ರಂಗಾಚಾರ್ಲು ಅವರಿಂದ ಒಂದು ಉಪಾಯ ಕಡ ತಗೊಂಡಿದ್ದೇವೆ. ನಮ್ಮ ಸಂಘದ ರಾಜ್ಯೋತ್ಸವ ಪ್ರತಿ ನವೆಂಬರಿನಲ್ಲಿ ಬಂದೇ ಬರುತ್ತದೆ. ಪದಾಧಿಕಾರಿಗಳು ಬದಲಾದರೂ ಬಿಸಿಬೇಳೆ ಬಾತ್ ತಪ್ಪುವುದಿಲ್ಲ. ಈ ವರ್ಷದಿಂದ ಊಟಕ್ಕೆ ಮೊದಲು ಅರ್ಧ ಗಂಟೆ, ನಾವಿರುವ ಊರಿನ ಬಗ್ಗೆ. ಹೋದ ವರ್ಷ ಏನು ಕೇಳಿದ್ದೆವು, ಏನು ಉತ್ತರ ಬಂತು, ಈ ವರ್ಷ ಯಾರು ಹೋಗಿ ಕೇಳುತ್ತಾರೆ. ಒಂದು ಫೈಲ್ ಮಾಡಿ ಸಂಘದ ಕಪಾಟಿನಲ್ಲಿ ಇಟ್ಟಿದ್ದೇವೆ. ಮೊದಲ ಹಾಳೆಯಲ್ಲಿ ಕ್ರಾಸಿಂಗಿನ ನಕ್ಷೆ, ನಮ್ಮ ಎಣಿಕೆ, ಇಲಾಖೆಯಿಂದ ಬಂದ ಕಾಗದ ಇವೆ.

ಹೊಸದಾಗಿ ಬರುವ ಗೆಳೆಯರೇ, ನೀವು ಆಗಸ್ಟಿನಲ್ಲಿ ಬಂದಿಳಿದು ಮನೆ ಹುಡುಕುವಾಗ ಆ ಬಸ್ ಸ್ಟಾಪಿನಲ್ಲಿ ಇಳಿಯಬಹುದು. ರಸ್ತೆಯಲ್ಲಿ ಬಿಳಿ ಪಟ್ಟೆ ಕಂಡರೆ ಫೈಲಿನಲ್ಲಿ ಆ ತಾರೀಖು ಬರೆಯಿರಿ. ಕಾಣದಿದ್ದರೆ ಎರಡು ಕಡೆ ನೋಡಿಕೊಂಡು ನಿಧಾನವಾಗಿ ದಾಟಿ. ಕೌನ್ಸಿಲ್ ಸಭೆ ಎಂದು ಅಂತ ಫೈಲಿನ ಮೇಲೆಯೇ ಬರೆದಿದೆ.